ಯುನಿಟ್ ತಯಾರ್, ಗ್ಯಾಸ್ ನಾಹಿ

ನಮ್ಮ ಮಾಮಾ ಕರೆಂಟು ತಯಾರಿಸುವ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನೌಕರಿ ಮಾಡಿದವರು. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಒಂದು ಬಲ್ಬು ಉರಿಯುವಷ್ಟು ಕರೆಂಟನ್ನೂ ತಯಾರಿಸಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಒಂಬತ್ತು ದಿನ ತಯಾರಿಸಿದ್ದಾರೆ. ಆ ಒಂಬತ್ತು ದಿನ ಬಿಟ್ಟರೆ ಉಳಿದ ಕಾಲವೆಲ್ಲ ಅವರು ಮಾಡಿದ್ದು ನಿಂತ ಯಂತ್ರವೊಂದನ್ನು ಕಾಯುವ ಕೆಲಸ. ಅದಕ್ಕೆ ಪಗಾರವೂ ಇತ್ತು, ದೀಪಾವಳಿಗೆ ಬೋನಸ್ಸೂ ಇತ್ತು. ಇಷ್ಟಾಗಿಯೂ ನಮ್ಮ ಬಂಧುಬಳಗದಲ್ಲಿ ಇವರಷ್ಟು ದಣಿದು ನಿವೃತ್ತರಾದವರನ್ನು ನಾನು ಕಂಡಿಲ್ಲ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಹುಟ್ಟಿದ್ದು ಮರಾಠಿ ಸೀಮೆಯ ಗಡಹಿಂಗ್ಲಜ ಹತ್ತಿರದ ನೂಲ ಎಂಬ ಊರಲ್ಲಿ, ಈಗ ಮಾಮಿಯ ಜೊತೆ ಇರುವುದು ಗಡಹಿಂಗ್ಲಜದಲ್ಲಿ, ನಡುವಿನ ಆಯುಷ್ಯವೆಲ್ಲ ಸಮುದ್ರದ ಕಡೆಯ ಆ ಕೇಂದ್ರದಲ್ಲಿ. ಅಲ್ಲಿ ಕೊಳವೆಯಲ್ಲಿ ಗ್ಯಾಸ್ ಬರುತ್ತದೆ. ಅದನ್ನು ಉರಿಸಿದರೆ ಆನೆ ಗಾತ್ರದ ಚಕ್ರ ತಿರುಗುತ್ತದೆ, ಚಕ್ರ ತಿರುಗಿದರೆ ಕರೆಂಟು. ಅಂಥ ಯಂತ್ರಗಳು ನಾಲ್ಕು, ಒಂದೊಂದಕ್ಕೂ ಯುನಿಟ್ ಎನ್ನುತ್ತಾರೆ. ಆದರೆ ಗ್ಯಾಸ್ ಬರುತ್ತಿದ್ದುದು ಎರಡಕ್ಕಾಗುವಷ್ಟು ಮಾತ್ರ. ಮಾಮಾನ ಪಾಲಿಗೆ ಬಂದದ್ದು ಮೂರನೆಯದು!

ನೂಲದ ಜನರಿಗೆ ಇಷ್ಟೆಲ್ಲ ಯಾರು ತಿಳಿಸಿ ಹೇಳಬೇಕು? ಮಾಮಾ ಗ್ಯಾಸಿನ ಕಡೆ ದೊಡ್ಡ ಹುದ್ದೆಯಲ್ಲಿದ್ದಾರೆ ಎಂದಷ್ಟೇ ಅವರಿಗೆ ಗೊತ್ತು. ಒಮ್ಮೆ ಮದುವೆಯ ಪಂಕ್ತಿಯಲ್ಲಿ ಕೂತಿದ್ದಾಗ ಹಿರಿಯರೊಬ್ಬರು ಧೋತರದ ಒಳಗಿನಿಂದ ಸಿಲಿಂಡರಿನ ಪುಸ್ತಕ ತೆಗೆದು ಮಾಮಾನ ಎಲೆಯ ಪಕ್ಕ ಇಟ್ಟರು.

"ಸಾಹೇಬ್ರ, ಇಪ್ಪತ್ತು ದಿನ ಆತು ನಂಬರ್ ಹಚ್ಚಿ. ಟಾಕಿ ಇನ್ನೂ ಬಂದಿಲ್ಲ ನೋಡ್ರಿ. ನೀವು ಒಂದ ಮಾತು ಹೇಳಿದ್ರ ಆಗತೈತಿ."

ಮಾಮಾ ಹೋಳಿಗೆ ಮುರಿಯುತ್ತ ನಿಟ್ಟುಸಿರು ಬಿಟ್ಟರು. "ಕಾಕಾ, ನಿಮದು ಇಪ್ಪತ್ತು ದಿನ. ನಾ ಎಂಟ ವರ್ಷದಿಂದ ಹಾದಿ ನೋಡಾಕತ್ತೇನಿ. ನನಗೂ ಬಂದಿಲ್ಲ."

ಆ ಹಿರಿಯರು ಪುಸ್ತಕವನ್ನು ಮರಳಿ ಧೋತರದೊಳಗೆ ಇಟ್ಟುಕೊಂಡು, ಪಾಪ, ಮಾಮಾನಿಗೆ ಇನ್ನೊಂದು ಚಮಚ ತುಪ್ಪ ಹಾಕಿಸಿದರಂತೆ.

ನಿಂತ ಯಂತ್ರದ ಮುಂದೆ ಹನ್ನೆರಡು ವರ್ಷ ಏನು ಮಾಡುತ್ತಿದ್ದಿರಿ ಎಂದು ನಾನೂ ಕೇಳಿದ್ದೇನೆ. ಕೇಳಬಾರದಿತ್ತು. ಒಂದೂವರೆ ತಾಸು ಹೇಳಿದರು. ಸಾರಾಂಶ ಇಷ್ಟು: ಆ ಚಕ್ರದ ನಡುವಿನ ದಂಡ ಭಾಳ ಭಾರ. ತಿಂಗಳುಗಟ್ಟಲೆ ಒಂದೇ ಮಗ್ಗುಲಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿತೆಂದರೆ ಮುಗಿಯಿತು, ಮುಂದೆ ಗ್ಯಾಸಿನ ಸಮುದ್ರವೇ ಬಂದರೂ ಏಳುವುದಿಲ್ಲ. ಅದಕ್ಕೇ ಒಂದು ಸಣ್ಣ ಮೋಟರು ಹಚ್ಚಿ ಆಗಾಗ ಮೆಲ್ಲಗೆ, ಇರುವೆ ನಡೆದಷ್ಟು ಮೆಲ್ಲಗೆ ತಿರುಗಿಸುತ್ತಿರಬೇಕು. ಇದಕ್ಕೆ ಬ್ಯಾರಿಂಗ್ ಎಂದು ಹೆಸರು. ಮಾಮಾ ತಿರುಗಿಸಿದರು. ಎಣ್ಣೆ ನೋಡಿದರು, ಒರೆಸಿದರು, ಕಿವಿ ಹಚ್ಚಿ ಕೇಳಿದರು. ಪಾಳಿ ಮುಗಿಯುವಾಗ ದಿನಚರಿ ಪುಸ್ತಕದಲ್ಲಿ ಮರಾಠಿಯಲ್ಲಿ ಒಂದು ಸಾಲು ಬರೆದರು, ಯಂತ್ರ ಸಿದ್ಧವಿದೆ, ಗ್ಯಾಸ್ ಇಲ್ಲ ಎಂದು: "ಯುನಿಟ್ ತಯಾರ್. ಗ್ಯಾಸ್ ನಾಹಿ."

ಹನ್ನೆರಡು ವರ್ಷ ಅದೇ ಸಾಲು! ಜಪಕ್ಕೆ ಕೂತಿದ್ದರೆ ಇಷ್ಟರಲ್ಲಿ ದೇವರು ಬಂದು ಹೋಗುತ್ತಿದ್ದ.

ದೇವರು ಬರಲಿಲ್ಲ, ಗ್ಯಾಸ್ ಬಂತು. ಒಂದು ಬೇಸಿಗೆಯಲ್ಲಿ ಎಲ್ಲಿಂದಲೋ ಹೆಚ್ಚುವರಿ ಗ್ಯಾಸ್ ಸಿಕ್ಕು, ಮೂರನೆಯದು ಏಳುತ್ತದೆಯೋ ನೋಡಿ ಎಂದು ಮೇಲಿನವರು ಹೇಳಿದರು. ದೊಡ್ಡ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದರಂತೆ. ಮಾಮಾ ಗುಂಡಿ ಒತ್ತಿದರು. ಮೊದಲನೆಯ ಸಲಕ್ಕೇ ಎದ್ದಿತು. ಅಂದು ದಿನಚರಿಯಲ್ಲಿ ಸಾಲು ಬದಲಾಯಿತು: "ಗ್ಯಾಸ್ ಆಲಾ," ಗ್ಯಾಸ್ ಬಂತು. ಒಂಬತ್ತು ದಿನ ಓಡಿತು. ಮಾಮಾ ರಜೆ ಹಾಕಿ ಕೊಲ್ಹಾಪುರದ ಪೇಢೆ ಕಟ್ಟಿಸಿಕೊಂಡು ಊರೂರು ಹಂಚಿದರು. ಮಗ ಹುಟ್ಟಿದಾಗ ಇಷ್ಟು ಹಂಚಿರಲಿಲ್ಲ ಎಂದು ಮಾಮಿ ಇಂದಿಗೂ ಆಡಿಕೊಳ್ಳುತ್ತಾರೆ. ಪೇಢೆ ಹಂಚಿ ಮುಗಿಯುವುದರೊಳಗೆ ಅಲ್ಲಿ ಗ್ಯಾಸ್ ನಿಂತಿತ್ತು.

ಇಂಥ ಮನುಷ್ಯ ನಿವೃತ್ತರಾದರೆ ಸುಮ್ಮನೆ ಕೂಡುತ್ತಾರೆಯೇ? ತಮ್ಮ ಯುನಿಟ್ಟಿನ ನೆನಪಿಗೆ ಬೆಳ್ಳಿಯಲ್ಲೊಂದು ಚಕ್ರ ಮಾಡಿಸಬೇಕೆಂದು ಫೋಟೋ ಹಿಡಿದು, ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿಗೆ ಹೋದರು. ಅಲ್ಲಿ ಗುರುತಿನ ಕಸಬುದಾರ ಮೂರು ತಲೆಮಾರಿನಿಂದ ಕಾಲ್ಗೆಜ್ಜೆ ಮಾಡುವವನು. ಎಲೆಎಲೆಯಾಗಿ ಅಷ್ಟು ಚೆಂದದ ಚಕ್ರ ಮಾಡಿಕೊಟ್ಟ, ಅಂಚಿಗೆಲ್ಲ ಸಾಲಾಗಿ ಗೆಜ್ಜೆ ಕಟ್ಟಿದ್ದ.

"ಇದಕ್ಯಾಕೋ ಗೆಜ್ಜಿ?" ಎಂದರೆ, "ತಿರಗೂ ವಸ್ತು ಅಂದ್ರಿ. ಸಪ್ಪಳಿಲ್ಲದ ತಿರಗಿದ್ರ ಯಾರಿಗೆ ತಿಳೀಬೇಕ್ರಿ?" ಎಂದನಂತೆ. ಮಾಮಾ ಸಿಟ್ಟಾಗಿ ಬಸ್ ಹತ್ತಿದವರು, ಗಡಹಿಂಗ್ಲಜ ಮುಟ್ಟುವ ತನಕ ಅದನ್ನು ತಿರುಗಿಸಿ ಕಂಡಕ್ಟರನಿಂದ ಬೈಸಿಕೊಂಡರು.

ನಮ್ಮ ಮನೆ ಇಚಲಕರಂಜಿಯಲ್ಲಿ. ನಮ್ಮವರಿಗೆ ಹಿತ್ತಲಲ್ಲೇ ಆರು ಮಗ್ಗಗಳ ಶೆಡ್ಡು. ಅವ್ವ ನನ್ನ ಜೊತೆಗೇ ಇರುವುದರಿಂದ ಮಾಮಾ ತಿಂಗಳಿಗೆರಡು ಸಲ ಬರುತ್ತಾರೆ. ಬಂದವರು ಚಹಾ ಕುಡಿಯುವ ಮೊದಲೇ ಮನೆಯಲ್ಲಿ ನಿಂತದ್ದನ್ನೆಲ್ಲ ತಿರುಗಿಸುತ್ತಾರೆ. ಚಳಿಗಾಲದಲ್ಲಿ ಕುರ್ಚಿ ಹತ್ತಿ ಫ್ಯಾನಿನ ರೆಕ್ಕೆ ತಿರುವುತ್ತಾರೆ. ನಾನು ಎಂದೋ ಬಿಟ್ಟ ಹೊಲಿಗೆ ಯಂತ್ರವನ್ನು ನೂಲಿಲ್ಲದೆ ತುಳಿಯುತ್ತಾರೆ. ನಮ್ಮವರು ನನ್ನ ಕಡೆ ನೋಡಿ, "ನೀನೂ ಒಂದಕಡೆ ಭಾಳ ಹೊತ್ತು ಕುಂದ್ರಬ್ಯಾಡ, ಮಾಮಾ ಬಂದಾರ" ಎನ್ನುತ್ತಾರೆ.

ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಅವರ ಕೆಂಪು ಕಾರ್ಡು. ಕೇಂದ್ರದಲ್ಲಿ ಯಾರಾದರೂ ಯಂತ್ರದ ಒಳಗೆ ಇಳಿದು ದುರಸ್ತಿ ಮಾಡುವಾಗ ಅದರ ಸ್ವಿಚ್ಚಿಗೆ ಒಂದು ಕೆಂಪು ಕಾರ್ಡು ಕಟ್ಟುತ್ತಾರೆ. ಅದರ ಮೇಲೆ "ಕಾಮ ಚಾಲೂ ಆಹೆ. ಸುರು ಕರೂ ನಯೇ" ಎಂದು, ಅಂದರೆ ಕೆಲಸ ನಡೆದಿದೆ, ಶುರು ಮಾಡಬಾರದು ಎಂದು ಬರೆದಿರುತ್ತದೆ. ಕೆಳಗೆ ಕಟ್ಟಿದವನ ಸಹಿ. ಸಹಿ ಮಾಡಿದವನೇ ಅದನ್ನು ಬಿಚ್ಚಬೇಕು. ಸಾಹೇಬನಿರಲಿ, ಮಂತ್ರಿಯೇ ಇರಲಿ, ಬೇರೆಯವರು ಮುಟ್ಟುವಂತಿಲ್ಲ. ಮಾಮಾ ಅಂಥ ಕಾರ್ಡುಗಳನ್ನು ತಾವೇ ಅಚ್ಚು ಹಾಕಿಸಿ ಚೀಲದಲ್ಲಿ ಇಟ್ಟುಕೊಂಡಿದ್ದಾರೆ.

ನಮ್ಮ ಮನೆಗೆ ಬೀಗರು ಊಟಕ್ಕೆ ಬರುವ ದಿನ ಮಿಕ್ಸರು ಕೆಟ್ಟಿತು. ಮಾಮಾ ಅಡುಗೆಮನೆಯ ಮೇನ್ ಸ್ವಿಚ್ ಆರಿಸಿ, ಕಾರ್ಡು ಕಟ್ಟಿ, ಸಹಿ ಮಾಡಿ, ಮಿಕ್ಸರು ಬಿಚ್ಚಿ ಕೂತರು. ಮತ್ತೆ ಜೋಡಿಸಿ ಮುಗಿಸುವ ಹೊತ್ತಿಗೆ ಸರಿಯಾಗಿ ಮಾಮಿಯ ಫೋನು ಬಂತು. ಎದ್ದವರು ಹಾಗೇ ಹನ್ನೊಂದರ ಬಸ್ಸಿಗೆ ಹೋದರು. ಕಾರ್ಡು ಇಲ್ಲೇ ಉಳಿಯಿತು! ನಮ್ಮವರು ಬಿಚ್ಚಲು ಕೈ ಚಾಚಿದರೆ ಅವ್ವ ಓಡಿ ಬಂದು ಅಡ್ಡ ನಿಂತಳು.

"ಮುಟ್ಟಬ್ಯಾಡ್ರಿ. ನನ್ನ ತಮ್ಮ ಸಹಿ ಮಾಡ್ಯಾನ."

ಫೋನು ಹಚ್ಚಿದೆ. "ಮಾಮಾ, ಮಿಕ್ಸರ್ ಜೋಡಿಸಿ ಇಟ್ಟೀರಿ. ಕಾರ್ಡ್ ಒಂದ ತಗೀತೀವ್ರಿ."

"ಬ್ಯಾಡವಾ," ಎಂದರು. ದನಿ ಒಮ್ಮೆಲೇ ಬೇರೆಯಾಗಿತ್ತು. "ಕಾರ್ಡ್ ಕಟ್ಟಿದಾಂವ ಮಷೀನಿನ ಒಳಗಿರತಾನ. ಹೊರಗ ನಿಂತವರಿಗೆ ಆಂವ ಕಾಣೂದಿಲ್ಲ. ಆಂವ ಹೊರಗ ಬಂದು ತಾನಽ ತಗೀಬೇಕು. ನಾ ಬರತೇನಿ."

ಬಂದರು. ಗಡಹಿಂಗ್ಲಜ ಮುಟ್ಟಿದವರು ಅದೇ ಬಸ್ಸಿನಲ್ಲಿ ಮರಳಿ ಬಂದರು. ಅಷ್ಟರಲ್ಲಿ ನಾನು ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟಿ, ಬೆವರು ಒರೆಸುತ್ತ ಬೀಗರಿಗೆ ಬಡಿಸಿ, ಅವರು ಉಂಡು ಹೋಗಿಯೂ ಆಗಿತ್ತು. ಕುಟ್ಟಿದ ಚಟ್ನಿಯ ರುಚಿಯೇ ಬೇರೆ ಎಂದು ಬೀಗಿತಿ ಡಬ್ಬಿ ತುಂಬಿಕೊಂಡೂ ಹೋಗಿದ್ದಳು. ಮಾಮಾ ಐದು ಗಂಟೆಗೆ ಕಾರ್ಡು ಬಿಚ್ಚಿ, ಈಗಲೂ ಚೀಲದಲ್ಲಿ ಇಟ್ಟುಕೊಳ್ಳುವ ದಿನಚರಿಯ ವಹಿಯಲ್ಲಿ ಬರೆದು, ಮುಂದಿನ ಬಸ್ಸಿಗೆ ಹೊರಟರು.

"ಹೋಗ್ಲಿ, ಮಿಕ್ಸರಿಗೆ ಏನಾಗಿತ್ರಿ?" ಎಂದೆ.

"ಏನೂ ಆಗಿರಲಿಲ್ಲವಾ. ಪ್ಲಗ್ ಸಡಲ ಇತ್ತು."

ಹೀಗೆ ನಗುನಗುತ್ತ ಇದ್ದ ನಮ್ಮ ಮನೆಯಲ್ಲಿ ಕಳೆದ ಶ್ರಾವಣದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕೊಲ್ಹಾಪುರದಲ್ಲಿ ಆಪರೇಶನ್ ಆಯಿತು. ಬಿಡುವಾಗ ಡಾಕ್ಟರು ಅವಳೆದುರಿಗೇ ಹೇಳಿದರು: "ನಮ್ಮ ಕೆಲಸ ಚಲೋ ಆಗೇತಿ. ಇನ್ನ ಅಜ್ಜೀರು ನಡೀಬೇಕು. ಹಿಂಗಽ ಎರಡ ತಿಂಗಳ ಮಲಕೊಂಡ್ರಂದ್ರ ಮುಂದ ಏಳೂದು ಆಗೂದಿಲ್ಲ."

ಅವ್ವ ಮಲಗಿದಳು. ಎಪ್ಪತ್ತನಾಲ್ಕು ವರ್ಷದ, ಕೂತು ಉಂಡದ್ದನ್ನೇ ನಾನು ಕಂಡಿರದ ಅವ್ವ ಮಂಚ ಹಿಡಿದು ಗೋಡೆಯ ಕಡೆ ಮುಖ ಮಾಡಿದಳು. ವ್ಯಾಯಾಮ ಮಾಡಿಸಲು ಬಂದ ಹುಡುಗಿಯನ್ನು ಬೈದು ಕಳಿಸಿದಳು. ಹಿಡಿದುಕೊಂಡು ನಡೆಯಲು ನಾಲ್ಕು ಕಾಲಿನ ವಾಕರ್ ತಂದರೆ ಅದರ ಮೇಲೆ ಟವೆಲ್ ಒಣಹಾಕಿಸಿದಳು. ಕೇಳಿದರೆ ಒಂದೇ ಮಾತು, "ನಡದದ್ದು ಸಾಕಾತು." ಬಿದ್ದ ಕ್ಷಣದ ಹೆದರಿಕೆ ಅವಳ ಎದೆಯಲ್ಲಿ ಕೂತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಮಾಡಲಿ? ನಾನು ಅಡುಗೆಮನೆಯಲ್ಲಿ ಅತ್ತೆ.

ಮಾಮಾ ಎರಡು ದಿನಕ್ಕೆಂದು ಚೀಲ ಹಿಡಿದು ಬಂದರು. ಮಂಚದ ಪಕ್ಕ ಕುರ್ಚಿ ಎಳೆದು ಭಾಷಣ ಶುರು ಮಾಡಿದರು.

"ಅಕ್ಕಾ, ನಾ ಗಡಹಿಂಗ್ಲಜದಾಗ ಖೋಲಿ ಮಾಡಿ ಕಲಿಯಾಕತ್ತಾಗ ವಾರಾ ವಾರಾ ನೂಲದಿಂದ ಬುತ್ತಿ ಹೊತ್ತು ನಡದ ಬಂದಾಕಿ ನೀನು. ಈಗ ಇಲ್ಲಿಂದ ಅಲ್ಲಿತನಾ ನಡಿಯೂದಿಲ್ಲಂದ್ರ ಹೆಂಗ? ನಿಂತದ್ದು ಬಾಗತೈತಿ ಅಕ್ಕಾ."

ಭಾಷಣ ಮುಗಿಸಿ ಮಾಮಾ ಸ್ನಾನಕ್ಕೆ ಹೋದಾಗ ಅವ್ವ ನನ್ನನ್ನು ಕರೆದು, "ಅವನ ಚೀಲದಾಗಿಂದ ಒಂದ ಕಾರ್ಡ್ ಕೊಡು. ಪೆನ್ನೂ ಕೊಡು" ಎಂದಳು. ನಾಲ್ಕನೆಯ ಇಯತ್ತೆಯವರೆಗೆ ಓದಿದ ಅವ್ವ ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ಸಹಿ ಮಾಡಿದಳು. ವಾಕರಿಗೆ ಕಟ್ಟು ಎಂದಳು. ಕಟ್ಟಿದೆ. ದೇವರಾಣೆ, ಏನಾಗುತ್ತದೆಯೆಂದು ನನಗೆ ತಿಳಿದಿರಲಿಲ್ಲ.

ಮಾಮಾ ತಲೆ ಒರೆಸುತ್ತ ಬಂದು ಕಾರ್ಡು ಓದಿದರು. ಸುರು ಕರೂ ನಯೇ. ಸಹಿ ಓದಿದರು. ಅಕ್ಕನನ್ನು ನೋಡಿದರು. ಹನ್ನೆರಡು ವರ್ಷ ಗ್ಯಾಸ್ ಬರದಿದ್ದಾಗಲೂ ಆ ಮುಖ ಅಷ್ಟು ಸಣ್ಣದಾಗಿರಲಿಕ್ಕಿಲ್ಲ.

"ಕಾಗದದ ಚೂರು ಐತ್ರಿ ಮಾಮಾ, ತಗದ ಒಗೀರಿ," ಎಂದರು ನಮ್ಮವರು.

"ಹೆಂಗ ತಗೀಲಿ? ನನ್ನ ಸಹಿ ಅಲ್ಲಲ್ಲ," ಎಂದು ಮಾಮಾ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ಹಿಂದೆಯೇ ಹೋದೆ. ಅವರು ನನ್ನನ್ನು ನೋಡದೆ ಹೇಳಿದರು: "ಅಕ್ಕ ಒಳಗಽ ಅದಾಳವಾ. ಆಕಿನಽ ಹೊರಗ ಬರಬೇಕು."

ನಮ್ಮವರು ಅಂದು ಪೂರ್ತಿ ನಕ್ಕರು. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಮಾಮಾನ ಮುಖಕ್ಕೆ ಕಳೆ ಬಂದಿತ್ತು. ಕಾರ್ಡು ಇರುವುದು ವಾಕರಿಗೆ, ಅಕ್ಕನಿಗಲ್ಲ. ಓಡಿಸಬಾರದು ಎಂದಿದೆಯೇ ಹೊರತು ಮೆಲ್ಲಗೆ ತಿರುಗಿಸುವ ಬ್ಯಾರಿಂಗ್ ಮಾಡಬಾರದು ಎಂದು ಎಲ್ಲಿದೆ? ಯಾವ ವಕೀಲನಿಗೂ ಹೊಳೆಯದ ಪಾಯಿಂಟು!

ಗಡಹಿಂಗ್ಲಜದಿಂದ ಬೆಳ್ಳಿಯ ಚಕ್ರ ಬಂತು. ಅದನ್ನು ಮಂಚಕ್ಕೆ ಹತ್ತಿದ ಕಿಟಕಿಯ ಕಟ್ಟೆಯ ಮೇಲಿಟ್ಟು, ತಾಸಿಗೊಮ್ಮೆ ತಿರುಗಿಸುವ ಕೆಲಸವನ್ನು ಅಕ್ಕನಿಗೆ ಒಪ್ಪಿಸಿದರು.

"ಇದನ್ನ ತಿರಗಿಸಿದ್ರ ಏನ ಬರತೈತೋ?"

"ಏನೂ ಬರೂದಿಲ್ಲ. ನಾ ಹನ್ನೆರಡ ವರ್ಷ ತಿರಗಿಸೇನಿ, ನನಗೇನ ಬಂದೈತಿ? ತಿರಗಸು."

ತಮ್ಮನ ಮೇಲಿನ ಕರುಣೆಗೆ ಅವ್ವ ಕೈ ಚಾಚಿ ತಿರುಗಿಸಿದಳು. ಘಲ್ ಘಲ್ ಎಂದಿತು. ಮಾಮಾ ಹೊರಗಿನ ಖೋಲಿಯಲ್ಲಿ ಕೂತು ಸಪ್ಪಳ ಕೇಳಿ ವಹಿಯಲ್ಲಿ ಬರೆದರು. ಜೊತೆಗೆ ಮಂಚದ ಮೇಲೇ ಅವಳ ಕಾಲು ಮೆಲ್ಲಗೆ ಮಡಚಿ ಬಿಡಿಸತೊಡಗಿದರು. ಹುಪರಿಯವನು ಗೆಜ್ಜೆ ಕಟ್ಟಿದ್ದು ಎಷ್ಟು ಚಲೋ ಆಯಿತು! ಆದರೆ ಆ ಚಕ್ರ ದಿನಕ್ಕೊಂದು ಗೇಣು ಮುಂದೆ ಸರಿಯತೊಡಗಿತು. ಮೊದಲು ಮಲಗಿದಲ್ಲೇ ಕೈಗೆ ಸಿಗುತ್ತಿದ್ದದ್ದು ವಾರದಲ್ಲಿ ಎದ್ದು ಕೂತರೆ ಮಾತ್ರ ಸಿಗುವಂತಾಯಿತು. ಆಮೇಲೆ ಕಾಲು ಇಳಿಬಿಟ್ಟರೆ. ಆಮೇಲೆ ಕಿಟಕಿಯ ಸರಳು ಹಿಡಿದು ನಿಂತರೆ.

"ಇದು ನಿನ್ನಿ ಇಲ್ಲಿ ಇತ್ತಲ್ಲೋ?"

"ಭೂಮಿ ತಿರಗತೈತಿ ಅಕ್ಕಾ."

ಒಂದು ದಿನ ಮಾಮಾ ಇಲ್ಲದಾಗ ವಹಿ ತೆರೆದು ನೋಡಿದೆ. "ಬೆಳಿಗ್ಗೆ ಎಂಟು. ಎಡಗಾಲು ಹತ್ತು ಸಲ. ಬಲಗಾಲು ನಾಲ್ಕು ಸಲ, ಬೈಗಳು ಎರಡು." "ಮಧ್ಯಾಹ್ನ ಮೂರು. ನಿಂತಳು. ಮಂಡಿ ನಡುಗಿತು. ನಾನು ನೋಡದವನಂತೆ ಇದ್ದೆ." ಪ್ರತಿ ಪುಟದ ಕೊನೆಗೂ ಅದೇ ಹಳೆಯ ಸಾಲು: ಯುನಿಟ್ ತಯಾರ್. ಗ್ಯಾಸ್ ನಾಹಿ.

ಎರಡು ದಿನಕ್ಕೆಂದು ಬಂದವರು ಎರಡು ತಿಂಗಳು ಉಳಿದರು. ಮಾಮಿಗೆ ಫೋನ್ ಮಾಡಿ, ಒಬ್ಬರನ್ನೇ ಬಿಟ್ಟು ನಿಮಗೆ ತ್ರಾಸ ಕೊಟ್ಟೆವು ಎಂದರೆ, "ಇಟ್ಕೊಳ್ರಿ, ಇಟ್ಕೊಳ್ರಿ. ನಮ್ಮನಿ ಫ್ಯಾನಿಗೂ ಒಂದೀಟು ಸೂಟಿ ಸಿಗಲಿ" ಎಂದರು. ಅವ್ವ ಸರಳು ಹಿಡಿದು ಕಿಟಕಿಯುದ್ದಕ್ಕೂ ಹೋಗಿ ಬರುವಂತಾದಳು. ಆದರೆ ಕಿಟಕಿ ಮುಗಿದಲ್ಲಿಗೆ ಅವಳ ಧೈರ್ಯವೂ ಮುಗಿಯುತ್ತಿತ್ತು. ವಾಕರ್ ಮೂಲೆಯಲ್ಲಿ ಕಾರ್ಡು ಕಟ್ಟಿಕೊಂಡೇ ನಿಂತಿತ್ತು. ಮಾಮಾ ದಿನಾಲೂ ಅದರ ಧೂಳು ಒರೆಸುತ್ತಿದ್ದರು, ಕಾರ್ಡಿಗೆ ಬಟ್ಟೆ ತಾಗದ ಹಾಗೆ.

ನವೆಂಬರಿನಲ್ಲಿ ಪೆನ್ಶನ್ನಿನವರೆಲ್ಲ ತಾವು ಇನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸಿ ಬರಬೇಕು. ಮಾಮಾ ಬೆಳಿಗ್ಗೆ ಗಡಹಿಂಗ್ಲಜಕ್ಕೆ ಹೊರಟರು. ಹೋಗುವ ಮೊದಲು ಪಾಳಿ ಬದಲಿಸುವವರ ಹಾಗೆ ನನಗೆ ಚಾರ್ಜು ಕೊಟ್ಟು, ವಹಿಯಲ್ಲಿ ನನ್ನ ಸಹಿ ಹಾಕಿಸಿಕೊಂಡು, ವಹಿಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. "ಅಕ್ಕಾ, ನಾಲ್ಕಕ್ಕ ನಿನ್ನ ಮುಂದ ಇರತೇನಿ," ಎಂದರು.

ನಾಲ್ಕಾಯಿತು. ಐದಾಯಿತು. ಕಬ್ಬಿನ ದರಕ್ಕಾಗಿ ದಾರಿಯಲ್ಲಿ ರಸ್ತಾ ರೋಕೋ ನಡೆದಿದೆ, ಬಸ್ಸುಗಳು ನಿಂತಿವೆ ಎಂದು ನಮ್ಮವರು ಸುದ್ದಿ ತಂದರು. ಮಾಮಾನ ಫೋನು ಹತ್ತಲಿಲ್ಲ. ಅವ್ವ ನನ್ನನ್ನು ಮೂರು ಸಲ ಬಾಗಿಲಿಗೆ ಕಳಿಸಿದಳು.

"ಬಂದಾನೇನು?"

"ಇಲ್ಲವ್ವಾ. ಬರತಾರ, ಬಸ್ ನಿಂತಾವ."

"ಎಲ್ಯರ ಕಲ್ಲು ಒಗಿಯೂ ಜಾಗಾದಾಗ ನಿಂತಾನೋ ಏನೋ. ಮಂದಿ ಕೂಡ ವಾದ ಹಾಕಾವ ಅಂವ."

ನಾನು ಮಾಳಿಗೆಯ ಮೇಲಿನ ಬಟ್ಟೆ ತರಲು ಹೋದೆ. ಇಳಿದು ಬಂದಾಗ ಮಂಚ ಖಾಲಿ. ಮೂಲೆ ನೋಡಿದೆ, ಅದೂ ಖಾಲಿ. ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟು ಓಡಿದೆ. ಅಂಗಳದ ಗೇಟಿನಲ್ಲಿ ಅವ್ವ ಎರಡೂ ಕೈಯಲ್ಲಿ ವಾಕರ್ ಹಿಡಿದು, ಬಸ್ ಸ್ಟ್ಯಾಂಡಿನ ದಾರಿಗೆ ಮುಖ ಮಾಡಿ ನಿಂತಿದ್ದಳು. ಕೆಂಪು ಕಾರ್ಡಿನ ತುದಿ ಅವಳ ಸೆರಗಿನ ಗಂಟಿನಿಂದ ಹೊರಗೆ ಕಾಣುತ್ತಿತ್ತು.

ಅದೇ ಹೊತ್ತಿಗೆ ಮೂಲೆ ತಿರುಗಿ ಮಾಮಾ ಬಂದರು. ಅಂಗಿಯೆಲ್ಲ ಧೂಳು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅಕ್ಕನನ್ನು ಕಂಡು ನಿಂತುಬಿಟ್ಟರು. ಓಡಿ ಬರಲಿಲ್ಲ, ಕೂಗಲಿಲ್ಲ. ಆಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದು ಕೇಳಿದರು: "ಅಕ್ಕಾ, ವೈಬ್ರೇಶನ್ ಹೆಂಗೈತಿ?"

"ಮಂಡಿ ನಡಗಾಕತ್ತಾವ."

"ಅದು ನಾರ್ಮಲ್ ಐತಿ. ಸುರುವಿಗೆ ಹಂಗಽ ಇರತೈತಿ."

ಅವ್ವ ಸೆರಗಿನ ಗಂಟು ಬಿಚ್ಚಿ ಕಾರ್ಡು ಅವರ ಕೈಗೆ ಕೊಟ್ಟಳು. "ತಗೋ. ಕಟ್ಟಿದಾಕಿನಽ ತಗದೇನಿ." ಆಮೇಲೆ ತಮ್ಮನ ಧೂಳಿನ ಮುಖ ನೋಡಿ ಅಂದಳು: "ಬುತ್ತಿ ತಗೊಂಡು ಬರೂದು ತಡ ಆದ್ರ ನೀ ಖೋಲಿ ಬಾಗಲದಾಗ ಹಿಂಗಽ ನಿಂತಿರತಿದ್ದಿ. ದೂರದಿಂದ ಕಾಣತಿತ್ತು ನನಗ. ಅಳಾಕತ್ತಿರತಿದ್ದಿ, ನಾ ಸನೇಕ ಬಂದ ಕೂಡ್ಲೆ ಕಣ್ಣ ಒರಸಿಕೊಂತಿದ್ದಿ."

ಮಾಮಾ ಕಣ್ಣು ಒರೆಸಿಕೊಂಡರು.

"ಉಂಡೀಯೇನು?" ಎಂದಳು ಅವ್ವ.

"ಇಲ್ಲ."

ಅವ್ವ ವಾಕರನ್ನು ಎತ್ತಿ, ತಿರುಗಿಸಿ, ಅಡುಗೆಮನೆಯ ಕಡೆ ಮೊದಲ ಹೆಜ್ಜೆ ಇಟ್ಟಳು. ಮಾಮಾ ಎರಡೂ ಕೈ ಚಾಚಿ, ಆದರೆ ಮುಟ್ಟದೆ, ಅವಳ ಹಿಂದೆ ನಡೆದರು. ಈ ಮನುಷ್ಯನನ್ನು ನೋಡಿ ಇಷ್ಟು ವರ್ಷ ನಕ್ಕೆನಲ್ಲ ಎಂದು ನನಗೆ ನಾಚಿಕೆಯಾಯಿತು. ಹೊಸ್ತಿಲ ಹತ್ತಿರ ಅವರು ಚೀಲದಿಂದ ವಹಿ ತೆಗೆದು ನನ್ನ ಕೈಗಿಟ್ಟರು.

"ನೀ ಬರಿಯವಾ. ನನಗ ಅಕ್ಷರ ಕಾಣವಲ್ಲವು."

ನಾನು ಅಂಗಳದಲ್ಲೇ ನಿಂತು ಹೊತ್ತು ನೋಡಿ ಬರೆದೆ. ಸಂಜೆ ಆರೂ ಹತ್ತು. ಗ್ಯಾಸ್ ಆಲಾ.